ಅಡ್ಡಗೋಡೆಯ ಮೇಲಿನ ದೀಪ

ಕೈಗಡಿಯಾರವನ್ನು ಕುರಿತು ಮಾತನಾಡಹೊರಟವರು ಮೊದಲು ಕಾಲಪುರುಷನಿಗೊಂದು ನಮಸ್ಕಾರ ಹಾಕಿ ಮುಂದುವರಿಯುವುದು ವಾಡಿಕೆ. ಕಳೆದ ಗಳಿಗೆ ಮರಳಿ ಬಾರದು, ಕಾಲ ಯಾರನ್ನೂ ಕಾಯದು ಎಂಬ ಮಾತುಗಳನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಇಂದು ನಾನು ಆ ದೊಡ್ಡ ವಿಷಯದ ಗೊಡವೆಗೆ ಹೋಗುವವನಲ್ಲ. ಗಡಿಯಾರದೊಳಗೆ ಓಡುವ ಕಾಲವನ್ನು ಅದರ ಪಾಡಿಗೆ ಬಿಟ್ಟು, ಹೊರಗಿನ ಅದರ ಉಡುಪನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದರಲ್ಲಿಯೂ ಒಂದು ವಿಶಿಷ್ಟ ಬಗೆಯ ಉಡುಪು: ಒಂದಷ್ಟು ಉಕ್ಕು, ಒಂದಷ್ಟು ಚಿನ್ನ, ಬೆಳ್ಳಗಿನ ಹೊಳಪಿನ ನಡುವೆ ಹಳದಿಯ ಹೊಳಪು. ಅಂಗಡಿಯವರು ಟೂ-ಟೋನ್ ಎಂದು ಕರೆಯುವ ಈ ದ್ವಿವರ್ಣದ ಕೈಗಡಿಯಾರವನ್ನು ನೀವು ಮದುವೆಮನೆಗಳಲ್ಲಿ, ಬ್ಯಾಂಕಿನ ಮೇಜುಗಳ ಹಿಂದೆ, ನಿವೃತ್ತರಾದ ಹಿರಿಯರ ಮಣಿಕಟ್ಟಿನಲ್ಲಿ ನೋಡಿಯೇ ಇರುತ್ತೀರಿ.

ಈ ಗಡಿಯಾರದ ಮೇಲೆ ರಸಿಕರು ಹೊರಿಸುವ ದೂರು ಒಂದುಂಟು. “ಚಿನ್ನವಾದರೆ ಚಿನ್ನವಾಗಿರಲಿ, ಉಕ್ಕಾದರೆ ಉಕ್ಕಾಗಿರಲಿ. ಎರಡೂ ಅಲ್ಲದ ಈ ಅಡ್ಡಗೋಡೆಯ ಮೇಲಿನ ದೀಪವೇಕೆ?” ಎಂದು ಅವರು ಕೇಳುತ್ತಾರೆ. ಚಿನ್ನದ ಗಡಿಯಾರ ಕೊಳ್ಳಲಾರದವನ ಆಸೆಬುರುಕತನ ಇದು ಎಂಬುದು ಅವರ ಮಾತಿನ ಒಳಗಿನ ಕೊಂಕು. ಆ ದೂರಿನಲ್ಲಿ ಸತ್ಯವೆಷ್ಟು, ಆತುರವೆಷ್ಟು ಎಂಬುದನ್ನು ವಿಚಾರಿಸಿ ನೋಡುವುದೇ ಈ ಹೊತ್ತಿನ ನನ್ನ ಉದ್ದೇಶ.

ಮೊದಲು ವಸ್ತುವನ್ನೇ ಕೈಯಲ್ಲಿ ಹಿಡಿದು ನೋಡೋಣ. ಇಂಥ ಗಡಿಯಾರದಲ್ಲಿ ಚಿನ್ನವಿರುವುದು ಸಾಮಾನ್ಯವಾಗಿ ಮೂರು ಕಡೆ. ಗಾಜಿನ ಸುತ್ತ ಕೂರಿಸಿದ ಬಳೆ ಒಂದು; ಕೀಲಿ ಕೊಡಲು, ಮುಳ್ಳು ತಿರುಗಿಸಲು ಪಕ್ಕದಲ್ಲಿರುವ ಪುಟ್ಟ ಗುಂಡಿ ಎರಡನೆಯದು; ಕೈಗೆ ಸುತ್ತುವ ಚೈನಿನ ನಡುಸಾಲಿನ ಕೊಂಡಿಗಳು ಮೂರನೆಯದು. ಉಳಿದುದೆಲ್ಲ ಉಕ್ಕು. ಯಂತ್ರವನ್ನು ಕಾಪಾಡುವ ಕವಚ, ಚರ್ಮಕ್ಕೆ ತಾಗುವ ಬೆನ್ನು, ಮೇಜಿಗೂ ಗೋಡೆಗೂ ಉಜ್ಜಿಕೊಳ್ಳುವ ಚೈನಿನ ಎರಡು ಬದಿಗಳು ಎಲ್ಲವೂ ಉಕ್ಕೇ. ಅಂದರೆ ಭಾರ ಹೊರುವ, ಪೆಟ್ಟು ತಿನ್ನುವ, ಬೆವರು ಕುಡಿಯುವ ಕೆಲಸ ಉಕ್ಕಿನ ಪಾಲಿಗೆ. ಕಣ್ಣಿಗೆ ಬೀಳುವ, ಬೆರಳಿಗೆ ಸಿಕ್ಕುವ ಜಾಗ ಚಿನ್ನದ ಪಾಲಿಗೆ. ಇದನ್ನು ಅರೆಮನಸ್ಸಿನ ರಾಜಿ ಎನ್ನಲಾದೀತೆ? ಯಾರಿಗೆ ಯಾವುದು ಸಲ್ಲಬೇಕೋ ಅದನ್ನು ಹಂಚಿಕೊಟ್ಟ ಮನೆಯೊಡತಿಯ ವಿವೇಕ ಇದರಲ್ಲಿದೆ ಎಂದು ನನಗೆ ತೋರುತ್ತದೆ.

ಈ ಹಂಚಿಕೆ ನಮ್ಮ ಕಣ್ಣಿಗೆ ಹೊಸದೂ ಅಲ್ಲ. ಮೈಸೂರು ರೇಷ್ಮೆಯ ಸೀರೆಯನ್ನು ನೆನೆದುಕೊಳ್ಳಿ. ಅದರ ಒಡಲು ಒಂದೇ ಬಣ್ಣದ್ದು; ಬಹುಮಟ್ಟಿಗೆ ಮೌನವಾದದ್ದು. ಚಿನ್ನ ಮಾತನಾಡುವುದು ಅಂಚಿನಲ್ಲಿ ಮತ್ತು ಸೆರಗಿನಲ್ಲಿ. ಸೀರೆಯ ತುಂಬ ಜರಿ ತುಂಬಿದ್ದರೆ ಅದು ಉಡುವ ಬಟ್ಟೆಯಾಗದೆ ಹೊರುವ ಹೊರೆಯಾಗುತ್ತಿತ್ತು. ಅಷ್ಟೇಕೆ, ಆ ಅಸಲಿ ಜರಿಯೆಂಬುದು ತಾನೇ ಏನು? ಚಿನ್ನದ ಲೇಪ ಹೊದ್ದ ಬೆಳ್ಳಿಯ ಎಳೆ. ಅದನ್ನು ಉಟ್ಟವರನ್ನು ಯಾರೂ ಆಸೆಬುರುಕರೆಂದು ಕರೆದದ್ದಿಲ್ಲ. ಬೀದರಿನ ಕುಶಲಿಗಳು ಸತುವಿಗೆ ಅಲ್ಪ ತಾಮ್ರ ಬೆರೆಸಿ ಹೂಜಿ ಎರಕ ಹೊಯ್ಯುತ್ತಾರೆ; ಅದರ ಮೈಯಲ್ಲಿ ಗೀರು ತೆಗೆದು ಬೆಳ್ಳಿಯ ತಂತಿ ತುಂಬುತ್ತಾರೆ; ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಉಜ್ಜುತ್ತಾರೆ. ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಪೂರ್ತಿ ಬೆಳ್ಳಿಯಲ್ಲೇ ಮಾಡಿದ್ದರೆ ಆ ಬಳ್ಳಿ, ಆ ಹೂವು ಕಾಣುತ್ತಿತ್ತೆ? ಉತ್ತರ ಭಾರತದ ಆಯುಧಗಾರರಂತೂ ಉಕ್ಕಿನ ಕತ್ತಿಯ ಹಿಡಿಗೇ ಚಿನ್ನದ ತಂತಿಯನ್ನು ಬಡಿದು ಕೂರಿಸುವ ಕೋಫ್ತಗಾರಿ ಎಂಬ ವಿದ್ಯೆಯನ್ನು ಬೆಳೆಸಿದರು. ಇವೆಲ್ಲಕ್ಕಿಂತ ನನಗೆ ಪ್ರಿಯವಾದ ನಿದರ್ಶನ ಚಿನ್ನದ ಕಟ್ಟು ಹಾಕಿಸಿದ ರುದ್ರಾಕ್ಷಿ. ವೈರಾಗ್ಯದ ಮಣಿಗೆ ಸಂಸಾರದ ಲೋಹ! ಬರಿಯ ರುದ್ರಾಕ್ಷಿ ಸಂನ್ಯಾಸಿಗೆ, ಬರಿಯ ಚಿನ್ನ ಸಾಹುಕಾರನಿಗೆ. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿಕೊಂಡವನು ಗೃಹಸ್ಥ. ನಮ್ಮ ಈ ಕೈಗಡಿಯಾರವೂ ಆ ಗೃಹಸ್ಥನ ಜಾತಿಗೆ ಸೇರಿದ್ದು.

ಹಾಗೆಂದು ಇದು ನಮ್ಮಲ್ಲಿ ಹುಟ್ಟಿದ ವಸ್ತುವಲ್ಲ. ಇದರ ಜಾತಕವನ್ನು ಬಿಡಿಸಲು ಯೂರೋಪಿಗೆ ಹೋಗಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಗಂಡಸರು ಗಡಿಯಾರವನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಕೈಗೆ ಕಟ್ಟುವ ಗಡಿಯಾರ ಹೆಂಗಸರ ಬಳೆಯ ಸೋದರ ಎಂಬ ಭಾವನೆ ಇತ್ತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಜೇಬಿಗೆ ಕೈಹಾಕಿ ಗಡಿಯಾರ ತೆಗೆಯುವಷ್ಟು ಪುರುಸೊತ್ತು ಸೈನಿಕರಿಗಿರಲಿಲ್ಲ. ಹೀಗೆ ಬಳೆ ಗಂಡಸಿನ ಕೈಗೂ ಏರಿತು. ಅದೇ ಕಾಲಕ್ಕೆ, 1913ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್ ನಗರದ ಹ್ಯಾರಿ ಬ್ರೇರ್ಲಿ ಎಂಬ ಲೋಹತಜ್ಞ ಉಕ್ಕಿಗೆ ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ. ಕ್ರೋಮಿಯಂ ಗಾಳಿಯೊಡನೆ ಕೂಡಿ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದ ತೆಳುವಾದೊಂದು ಪೊರೆಯನ್ನು ಹೊದಿಸುತ್ತದೆ. ಗೀರು ಬಿದ್ದರೆ ಆ ಪೊರೆ ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. ಬೆವರಿನ ಉಪ್ಪನ್ನು ಹಗಲಿಡೀ ಸಹಿಸಬೇಕಾದ ಕೈಗಡಿಯಾರಕ್ಕೆ ಇದಕ್ಕಿಂತ ಒಳ್ಳೆಯ ಕವಚ ಇನ್ನಾವುದಿದ್ದೀತು? ಆದರೂ ಆಭರಣದ ಪಂಕ್ತಿಯಲ್ಲಿ ಅದಕ್ಕೆ ಎಲೆ ಹಾಕುವವರಿರಲಿಲ್ಲ. ಅದು ಚಾಕುಚೂರಿಗಳ ಲೋಹ.

ಎರಡು ಲೋಹಗಳ ಈ ನೆಂಟಸ್ತಿಕೆಗೆ ಒಂದು ಹೆಸರು ಕೊಟ್ಟು ಊರಿಗೆಲ್ಲ ಸಾರಿದ ಕೀರ್ತಿ ರೋಲೆಕ್ಸ್ ಸಂಸ್ಥೆಯದು. ಬವೇರಿಯಾದಲ್ಲಿ ಹುಟ್ಟಿದ ಹಾನ್ಸ್ ವಿಲ್ಸ್‌ಡಾರ್ಫ್ 1905ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ವ್ಯಾಪಾರ ಮುಂದೆ ಜಿನೀವಾಕ್ಕೆ ಹೋಗಿ ನೆಲೆಸಿತು. 1926ರಲ್ಲಿ ನೀರು ಹೊಗದ ಕವಚ, 1931ರಲ್ಲಿ ಕೈಯ ಅಲುಗಾಟದಿಂದಲೇ ತಾನಾಗಿ ಕೀಲಿ ತುಂಬಿಕೊಳ್ಳುವ ಯಂತ್ರ, ಹೀಗೆ ಒಂದೊಂದಾಗಿ ಸಾಧಿಸುತ್ತ ಬಂದ ಆ ಸಂಸ್ಥೆ 1933ರಲ್ಲಿ ‘ರೋಲೆಸಾರ್’ ಎಂಬ ಹೆಸರನ್ನು ನೋಂದಾಯಿಸಿತು. ಸಂಸ್ಥೆಯ ಹೆಸರಿನ ಮೊದಲ ತುಂಡಿಗೆ ಫ್ರೆಂಚ್ ಭಾಷೆಯಲ್ಲಿ ಚಿನ್ನವೆಂಬ ಅರ್ಥದ ‘ಓರ್’ ಸೇರಿಸಿ ಕಟ್ಟಿದ ಪದ ಅದು. ಒಂದೇ ಗಡಿಯಾರದಲ್ಲಿ ಉಕ್ಕೂ ಚಿನ್ನವೂ ಕೂಡಿರುವುದು ಎಂಬುದೇ ಅದರ ಅರ್ಥ. 1945ರಲ್ಲಿ ಡಯಲಿನ ಪುಟ್ಟ ಕಿಟಕಿಯಲ್ಲಿ ತಾರೀಖನ್ನು ತಾನಾಗಿ ಬದಲಿಸುವ ಡೇಟ್‌ಜಸ್ಟ್ ಎಂಬ ಗಡಿಯಾರ ಹೊರಬಂದಾಗ ಅದು ಚಿನ್ನದ್ದಾಗಿತ್ತು. ಮುಂದೆ ಅದೇ ಗಡಿಯಾರ ಉಕ್ಕು-ಚಿನ್ನಗಳ ವೇಷದಲ್ಲಿ ಬಂದು, ಕಚೇರಿಗೆ ಹೋಗುವ, ಸಂಜೆ ಔತಣಕ್ಕೂ ಹೋಗುವ ಮನುಷ್ಯನ ಗುರುತಾಗಿ ಲೋಕದ ತುಂಬ ನೆಲೆನಿಂತಿತು.

ಈ ಬಗೆಯ ಗಡಿಯಾರ ಹುಲುಸಾಗಿ ಬೆಳೆದದ್ದು 1970 ಮತ್ತು 1980ರ ದಶಕಗಳಲ್ಲಿ. ಅದಕ್ಕೆ ಹಿನ್ನೆಲೆಯಾಗಿ ಎರಡು ಸಂಗತಿಗಳನ್ನು ನೆನೆಯಬೇಕು. ಮೊದಲನೆಯದು ಕ್ವಾರ್ಟ್ಸ್. 1969ರ ಡಿಸೆಂಬರ್ 25ರಂದು ಜಪಾನಿನ ಸೀಕೋ ಸಂಸ್ಥೆ ಕ್ವಾರ್ಟ್ಸ್ ಹರಳಿನ ಕಂಪನದಿಂದ ನಡೆಯುವ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಹಲ್ಲುಚಕ್ರಗಳ ಗಡಿಯಾರ ಎಷ್ಟೇ ನಾಜೂಕಾಗಿದ್ದರೂ ಕರಾರುವಾಕ್ಕಿನಲ್ಲಿ ಆ ಹರಳಿಗೆ ಸಾಟಿಯಾಗಲಿಲ್ಲ. ಸರಿಯಾದ ಹೊತ್ತನ್ನು ಅಗ್ಗದ ಗಡಿಯಾರವೂ ತೋರಿಸತೊಡಗಿದ ಮೇಲೆ, ದುಬಾರಿ ಗಡಿಯಾರ ಹೊತ್ತಿನ ಹೊರತಾಗಿ ಬೇರೇನನ್ನೋ ತೋರಿಸಬೇಕಾಯಿತು. ಎರಡನೆಯದು ಚಿನ್ನದ ಬೆಲೆ. 1971ರ ಆಗಸ್ಟಿನಲ್ಲಿ ಅಮೆರಿಕ ತನ್ನ ಡಾಲರಿಗೂ ಚಿನ್ನಕ್ಕೂ ಇದ್ದ ಗಂಟನ್ನು ಬಿಚ್ಚಿತು. ಅಲ್ಲಿಯವರೆಗೆ ಔನ್ಸಿಗೆ 35 ಡಾಲರ್ ಎಂದು ಕಟ್ಟುಬಿದ್ದಿದ್ದ ಚಿನ್ನ 1980ರ ಜನವರಿ 21ರಂದು 850 ಡಾಲರನ್ನು ಮುಟ್ಟಿತು. ಇಡಿಯ ಚಿನ್ನದ ಚೈನು ಅನೇಕರ ಕೈಗೆ ನಿಲುಕದಂತಾದಾಗ ನಡುಸಾಲಿನಲ್ಲಿ ಮಾತ್ರ ಚಿನ್ನವಿರುವ ಚೈನು ಒಳ್ಳೆಯ ಉತ್ತರವಾಗಿ ಕಂಡದ್ದು ಆಶ್ಚರ್ಯವಲ್ಲ. 1978ರಲ್ಲಿ ಪ್ಯಾರಿಸಿನ ಕಾರ್ತ್ಯೆ ಸಂಸ್ಥೆ, ವಿಮಾನಗಾರ ಸಾಂತೋಸ್ ದ್ಯೂಮೋನ ಹೆಸರಿನ ತನ್ನ ಹಳೆಯ ಗಡಿಯಾರವನ್ನು ಉಕ್ಕಿನಲ್ಲಿ ಹೊಸದಾಗಿ ರೂಪಿಸಿ, ಚೈನಿನ ತಿರುಪುಮೊಳೆಗಳನ್ನು ಚಿನ್ನದಲ್ಲಿ ಮಾಡಿಸಿತು. ಬಡಗಿ ಮರೆಮಾಡಲು ಹೆಣಗುವ ಮೊಳೆಯನ್ನೇ ಒಡವೆಯಾಗಿಸಿದ ಆ ಧೈರ್ಯವನ್ನು ನಾನು ಮೆಚ್ಚುತ್ತೇನೆ.

ಇನ್ನು ನಮ್ಮ ಊರಿಗೆ ಬರೋಣ. ಚಿನ್ನದ ವಿಷಯದಲ್ಲಿ ನಮ್ಮ ಮನೆಗಳದು ಒಂದು ವಿಚಿತ್ರ ಸಂಬಂಧ. ಚಿನ್ನ ನಮ್ಮಲ್ಲಿ ಒಡವೆಯಾಗುವುದಕ್ಕೆ ಮೊದಲು ಆಪದ್ಧನ. ಮಗಳ ಮದುವೆಗೆ, ಮಗನ ಓದಿಗೆ, ಮನೆಗೆ ಬರಬಹುದಾದ ಕಾಯಿಲೆಗೆ ಎಂದು ಅದು ಪೆಟ್ಟಿಗೆಯ ತಳದಲ್ಲಿ ಮಲಗಿರುತ್ತದೆ. ಹಬ್ಬಕ್ಕೊಮ್ಮೆ ಹೊರಬಂದು ಮತ್ತೆ ಒಳಗೆ ಹೋಗುತ್ತದೆ. ಸರ್ಕಾರವೂ ಒಂದು ಕಾಲಕ್ಕೆ ಅದನ್ನು ಕಣ್ಣಿಟ್ಟು ಕಾದಿತ್ತು. 1963ರಲ್ಲಿ ಮೊರಾರ್ಜಿ ದೇಸಾಯಿಯವರು ಅರ್ಥಮಂತ್ರಿಗಳಾಗಿದ್ದಾಗ ಜಾರಿಗೆ ಬಂದ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರಟ್ಟಿಗಿಂತ ಹೆಚ್ಚಿನ ಶುದ್ಧತೆಯ ಹೊಸ ಒಡವೆ ಮಾಡುವುದನ್ನೇ ನಿಷೇಧಿಸಿದವು. ಅಕ್ಕಸಾಲಿಗರ ಬದುಕಿಗೆ ಅದರಿಂದ ಬಿದ್ದ ಪೆಟ್ಟು ಸಣ್ಣದಲ್ಲ. ಮುಂದೆ ಆ ಬಿಗಿ ಸಡಿಲವಾದರೂ 1968ರಲ್ಲಿ ಬಂದ ಚಿನ್ನ ನಿಯಂತ್ರಣ ಕಾಯಿದೆ 1990ರವರೆಗೆ ಉಳಿಯಿತು. ಹೀಗೆ ಒಂದು ಕಡೆ ಕಾಯಿದೆಯ ಭಯ, ಇನ್ನೊಂದು ಕಡೆ ಕಳ್ಳರ ಭಯ. ಎರಡರ ನಡುವೆ ಚಿನ್ನಕ್ಕೆ ಬೆಳಕು ಕಾಣುವ ಯೋಗ ಕಡಿಮೆ. ಗಂಡಸಿಗಂತೂ ಚಿನ್ನ ಧರಿಸಲು ಇದ್ದ ಅವಕಾಶ ಇನ್ನೂ ಕಡಿಮೆ. ಮದುವೆಯಲ್ಲಿ ಮಾವ ಹಾಕಿದ ಉಂಗುರ ಒಂದು. ಕೊರಳಿನ ಸರ ಕೆಲವರಿಗೆ ಒಪ್ಪಿತು, ಹಲವರಿಗೆ ನಾಚಿಕೆಯಾಯಿತು. ಉಳಿದದ್ದು ಕೈಗಡಿಯಾರ. ಅದು ಕೆಲಸದ ವಸ್ತು. ಅದನ್ನು ಕಟ್ಟಿಕೊಂಡವನನ್ನು ಶೋಕಿಲಾಲನೆಂದು ಯಾರೂ ಹಳಿಯುವಂತಿಲ್ಲ. ಉಪಯೋಗದ ಹೆಸರಿನಲ್ಲಿ ಅಂದವನ್ನು ಒಳಗೆ ಕರೆದುಕೊಳ್ಳುವ ಈ ಉಪಾಯವನ್ನು ನಮ್ಮ ಮಧ್ಯಮವರ್ಗ ಬಲು ಬೇಗ ಕಂಡುಕೊಂಡಿತು.

1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಎಚ್.ಎಂ.ಟಿ. ಕೈಗಡಿಯಾರಗಳ ತಯಾರಿಕೆ ಆರಂಭವಾಯಿತು. ಅದರ ‘ಜನತಾ’ ಗುಮಾಸ್ತರ, ಮೇಷ್ಟರ ಕೈಯಲ್ಲಿ ದಿನದಿನವೂ ದುಡಿಯಿತು. ಅದೇ ಸಂಸ್ಥೆಯ ತೆಳುವಾದ, ಚಿನ್ನದ ಲೇಪದ ಗಡಿಯಾರಕ್ಕೆ ‘ಸೋನಾ’ ಎಂದೇ ಹೆಸರು. ಹೆಸರುಗಳನ್ನು ಗಮನಿಸಿ: ಒಂದು ಜನತೆ, ಇನ್ನೊಂದು ಚಿನ್ನ. 2016ರಲ್ಲಿ ಕೇಂದ್ರ ಸರ್ಕಾರ ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ನಿರ್ಧರಿಸುವವರೆಗೂ, ನಮ್ಮ ನಾಡಿನ ಒಂದೆರಡು ತಲೆಮಾರಿನ ಗಂಡಸರು ಈ ಎರಡು ಹೆಸರುಗಳ ನಡುವೆಯೇ ಎಲ್ಲೋ ಬಾಳಿದರು. ಇತ್ತ 1984ರಲ್ಲಿ ಸ್ಥಾಪನೆಯಾಗಿ ನಮ್ಮ ಗಡಿಗೆ ಅಂಟಿಕೊಂಡ ಹೊಸೂರಿನಲ್ಲಿ ಕಾರ್ಖಾನೆ ತೆರೆದ ಟೈಟನ್ ಸಂಸ್ಥೆ, ಕ್ವಾರ್ಟ್ಸ್ ಗಡಿಯಾರಗಳಿಗೆ ಒಡವೆಯ ಅಂದವನ್ನು ತೊಡಿಸಿ, ಉಡುಗೊರೆಯಾಗಿ ಕೊಡುವ ವಸ್ತುವನ್ನಾಗಿ ಮಾಡಿತು. ಎರಡು ಬಣ್ಣದ ಚೈನು ನಮ್ಮ ಪೇಟೆಗಳ ಗಾಜಿನ ಕಪಾಟುಗಳಲ್ಲಿ ಸಾಲುಗಟ್ಟಿ ಕುಳಿತದ್ದು ಆ ಕಾಲದಲ್ಲಿ.

ಅದಕ್ಕೂ ಮೊದಲು ಅದು ನಮ್ಮ ಕರಾವಳಿಗೆ ಬಂದದ್ದು ಸಮುದ್ರದಾಚೆಯಿಂದ. 1970ರ ದಶಕದಿಂದ ಮಂಗಳೂರು, ಉಡುಪಿ, ಭಟ್ಕಳಗಳ ಎಷ್ಟೋ ಮನೆಗಳಿಂದ ಒಬ್ಬರಾದರೂ ಕೊಲ್ಲಿ ದೇಶಗಳಿಗೆ ದುಡಿಯಲು ಹೋದರು. ರಜೆಯಲ್ಲಿ ಊರಿಗೆ ಬಂದವರ ಕೈಯಲ್ಲಿ ಮಿನುಗುತ್ತಿದ್ದ ಬಿಳಿ-ಹಳದಿ ಚೈನು, ಅವರ ಪೆಟ್ಟಿಗೆಯೊಳಗಿನ ಅತ್ತರಿನಷ್ಟೇ ಸ್ಪಷ್ಟವಾಗಿ, ಅವರು ಎಲ್ಲಿಂದ ಬಂದರೆಂಬುದನ್ನು ಸಾರುತ್ತಿತ್ತು. ನನ್ನ ಸೋದರಮಾವ ಒಬ್ಬರು ಕುವೈತಿನ ಒಂದು ದಾಸ್ತಾನು ಮಳಿಗೆಯಲ್ಲಿ ಹನ್ನೆರಡು ವರ್ಷ ಲೆಕ್ಕ ಬರೆದವರು. ಅಲ್ಲಿ ಕೊಂಡ ದ್ವಿವರ್ಣದ ಗಡಿಯಾರವೊಂದು ಅವರ ಎಡಗೈಯಲ್ಲಿ ಸದಾ ಇರುತ್ತಿತ್ತು. ಅದರ ಚಿನ್ನ ಉಕ್ಕಿನ ಮೇಲಿನ ಲೇಪ ಮಾತ್ರ. ವರ್ಷಗಳು ಕಳೆದಂತೆ ಮೇಜಿಗೆ ತಾಗುವ ಭಾಗದಲ್ಲಿ, ಚೈನಿನ ಕೊಕ್ಕೆಯ ಹತ್ತಿರದ ಐದಾರು ಕೊಂಡಿಗಳ ಹಳದಿ ಸವೆದು ಕೆಳಗಿನ ಬಿಳಿ ಕಾಣತೊಡಗಿತು. ಒಮ್ಮೆ ನಾನು, “ಮಾವ, ಇದಕ್ಕೆ ಮತ್ತೆ ಚಿನ್ನದ ನೀರು ಹಾಕಿಸಬಾರದೇ?” ಎಂದು ಕೇಳಿದೆ. ಅವರು ಕೈಯನ್ನು ತಿರುಗಿಸಿ ನೋಡಿಕೊಂಡು, “ಹಾಕಿಸಬಹುದು ಮಾರಾಯ. ಆದರೆ ಇಲ್ಲಿ ಹೋದದ್ದು ಕೂತು ಲೆಕ್ಕ ಬರೆದೇ ಹೋದದ್ದು. ಅದನ್ನು ಮುಚ್ಚಿ ಯಾರಿಗೆ ತೋರಿಸುವುದು?” ಎಂದರು. ಅವರ ಮಾತಿನಲ್ಲಿ ವ್ಯಥೆ ಇರಲಿಲ್ಲ. ಮರಳುಗಾಡಿನ ಆ ವರ್ಷಗಳಲ್ಲಿ ಅವರು ತಮಗಾಗಿ ಕೊಂಡ ವಸ್ತು ಅದೊಂದೇ ಎಂದು ಅತ್ತೆ ಹೇಳಿದ್ದನ್ನು ನಾನು ಬಲ್ಲೆ. ಉಳಿದ ಚಿನ್ನವೆಲ್ಲ ತಂಗಿಯರ ಕೊರಳಿಗೆ, ಮಗಳ ಕೈಗೆ ಹೋಗಿತ್ತು. ದುಡಿದವನ ಮೈಮೇಲೆ ದುಡಿಮೆಯ ಒಂದು ಗೆರೆಯಾದರೂ ಹೊಳೆಯಬೇಡವೆ? ಆ ಗೆರೆಯನ್ನು ಆಸೆಬುರುಕತನ ಎಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ.

ಆದರೆ ಲೇಪದ ಮಾತು ಬಂದಿತು. ಅದನ್ನು ಮುಚ್ಚುಮರೆಯಿಲ್ಲದೆ ಆಡಿಬಿಡುವುದು ಒಳ್ಳೆಯದು. ಬೆಳ್ಳಗಿರುವುದೆಲ್ಲ ಹಾಲಲ್ಲ, ಹಳದಿಯಾಗಿರುವುದೆಲ್ಲ ಚಿನ್ನವೂ ಅಲ್ಲ. ದ್ವಿವರ್ಣದ ಗಡಿಯಾರಗಳಲ್ಲಿ ಮೂರು ಪಂಗಡಗಳಿವೆ. ಮೊದಲನೆಯದರಲ್ಲಿ ಹಳದಿಯ ಭಾಗ ನಿಜಕ್ಕೂ ಗಟ್ಟಿ ಚಿನ್ನ, ಸಾಮಾನ್ಯವಾಗಿ 18 ಕ್ಯಾರಟ್ಟಿನದು. ಎರಡನೆಯದರಲ್ಲಿ ಉಕ್ಕಿನ ಅಥವಾ ಹಿತ್ತಾಳೆಯ ಮೇಲೆ ವಿದ್ಯುತ್ತಿನ ನೆರವಿನಿಂದ ಕೂರಿಸಿದ ಚಿನ್ನದ ಮುಲಾಮು. ಇದರ ದಪ್ಪವನ್ನು ಮೈಕ್ರಾನುಗಳಲ್ಲಿ ಅಳೆಯುತ್ತಾರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಹತ್ತು ಮೈಕ್ರಾನಿನ ಮುಲಾಮು ಒಳ್ಳೆಯ ಮುಲಾಮು ಎನಿಸಿಕೊಂಡರೂ ನಮ್ಮ ತಲೆಗೂದಲಿನ ದಪ್ಪಕ್ಕಿಂತ ಅದು ಎಷ್ಟೋ ತೆಳು. ಮೂರನೆಯ ಪಂಗಡ ಈಚಿನದು: ಗಾಳಿ ತೆಗೆದ ಪೆಟ್ಟಿಗೆಯೊಳಗೆ ಟೈಟೇನಿಯಂ ನೈಟ್ರೈಡಿನಂಥ ಸಂಯುಕ್ತವನ್ನು ಆವಿಯ ರೂಪದಲ್ಲಿ ಉಕ್ಕಿನ ಮೇಲೆ ಕೂರಿಸುವುದು. ಬಣ್ಣ ಚಿನ್ನದ್ದು, ಗಡಸುತನ ಚಿನ್ನಕ್ಕಿಂತ ಎಷ್ಟೋ ಹೆಚ್ಚು. ಆದರೆ ಕೆಲವು ವೇಳೆ ಅದರಲ್ಲಿ ಚಿನ್ನ ಹೆಸರಿಗೂ ಇರುವುದಿಲ್ಲ. ಮೂರರಲ್ಲಿ ಯಾವುದನ್ನು ಕೊಂಡರೂ ತಪ್ಪಿಲ್ಲ. ಮೂರನೆಯದನ್ನು ಮೊದಲನೆಯದೆಂದು ಹೇಳಿ ಮಾರುವುದರಲ್ಲಿ ತಪ್ಪಿದೆ; ಹೇಳಿಕೊಂಡು ಮೆರೆಯುವುದರಲ್ಲಿ ಹುಡುಗಾಟಿಕೆಯಿದೆ. ಗಟ್ಟಿ ಚಿನ್ನದ ಭಾಗದ ಮೇಲೆ ಸಾಮಾನ್ಯವಾಗಿ 750 ಎಂಬ ಅಂಕಿಯ ಮುದ್ರೆ ಇರುತ್ತದೆ. ಸಾವಿರದಲ್ಲಿ ಏಳುನೂರ ಐವತ್ತು ಪಾಲು ಚಿನ್ನ ಎಂದು ಅದರ ಅರ್ಥ. ಕೊಳ್ಳುವವರು ಕನ್ನಡಕವನ್ನು ಒರೆಸಿಕೊಂಡು ಅದನ್ನು ಹುಡುಕಬೇಕು.

ಈ 750 ಎಂಬ ಅಂಕಿ ನಮ್ಮ ರಸಿಕರ ದೂರಿಗೂ ಒಂದು ಉತ್ತರವನ್ನು ಅಡಗಿಸಿಕೊಂಡಿದೆ. ನಮ್ಮ ಅಕ್ಕಸಾಲಿಗರು ಒಡವೆಗೆ ಬಳಸುವುದು 22 ಕ್ಯಾರಟ್ಟಿನ ಚಿನ್ನ. ನೂರಕ್ಕೆ ತೊಂಬತ್ತೊಂದಕ್ಕಿಂತ ಹೆಚ್ಚು ಪಾಲು ಅಪ್ಪಟ. ಅವರ ಒರೆಗಲ್ಲಿನ ಮುಂದೆ ಜಿನೀವಾದ ಅತ್ಯಂತ ದುಬಾರಿ ಚಿನ್ನದ ಗಡಿಯಾರವೂ ಕಾಲುಭಾಗ ಬೆರಕೆಯೇ. ಬೆಳ್ಳಿಯನ್ನೂ ತಾಮ್ರವನ್ನೂ ಸೇರಿಸದಿದ್ದರೆ ಅಪರಂಜಿ ಮೇಣದಂತೆ ಸವೆದು, ತಗ್ಗಿ, ರೂಪಗೆಡುತ್ತದೆ. ದಿನವೂ ಕೈಯಲ್ಲಿ ನಿಲ್ಲಲಾರದು. ತಾಮ್ರ ಹೆಚ್ಚಾದಂತೆ ಅದೇ ಚಿನ್ನ ಕೆಂಪೇರುತ್ತದೆ. ಇನ್ನು ತುಕ್ಕು ಹಿಡಿಯದ ಉಕ್ಕು? ಅದೂ ಕಬ್ಬಿಣ, ಕ್ರೋಮಿಯಂ, ನಿಕಲ್‌ಗಳ ಕೂಡುಕುಟುಂಬ. ಹಾಗಾದರೆ ‘ಚಿನ್ನವಾದರೆ ಚಿನ್ನ, ಉಕ್ಕಾದರೆ ಉಕ್ಕು’ ಎಂಬ ಶುದ್ಧತೆಯ ವಾದಕ್ಕೆ ನಿಲ್ಲಲು ನೆಲವೆಲ್ಲಿದೆ? ಬೆರೆಯದೆ ಬಾಳುವ ಲೋಹ ಗಡಿಯಾರದ ಲೋಕದಲ್ಲಿ ಕಾಣಸಿಗುವುದೇ ಅಪರೂಪ. ಒಂದು ವ್ಯತ್ಯಾಸ ಮಾತ್ರ ಉಂಟು. ಉಳಿದ ಗಡಿಯಾರಗಳಲ್ಲಿ ಬೆರಕೆ ಒಳಗೆ ಅಡಗಿದೆ. ದ್ವಿವರ್ಣದ ಗಡಿಯಾರ ಅದನ್ನು ಮೈಮೇಲೆ, ಎಲ್ಲರ ಕಣ್ಣಿಗೆ ಕಾಣುವಂತೆ, ಸಾಲುಸಾಲಾಗಿ ಹೊತ್ತುಕೊಂಡಿದೆ. ನನ್ನ ಮಟ್ಟಿಗೆ ಇದು ಹೆಚ್ಚು ಪ್ರಾಮಾಣಿಕ.

ಎರಡು ಲೋಹಗಳ ಸಂಸಾರದಲ್ಲಿ ತೊಡಕುಗಳೂ ಇವೆ. ಚಿನ್ನದ ನಡುಸಾಲು ಮೆದು. ಉಕ್ಕಿನ ಪಕ್ಕದಲ್ಲಿ ಅದು ಬೇಗ ಗೀರು ಬೀಳುತ್ತದೆ, ಬೇಗ ಸವೆಯುತ್ತದೆ. ವರ್ಷಗಟ್ಟಲೆ ಬಳಸಿದ ಚೈನು ಸಡಿಲಗೊಂಡು ಮಣಿಕಟ್ಟಿನ ಮೇಲೆ ಜೋಲಾಡತೊಡಗುತ್ತದೆ. ಗೀರು ಹೋಗಲೆಂದು ಪಾಲಿಶ್ ಹಾಕಿಸಿದರೆ, ಹಾಕಿಸಿದಷ್ಟು ಸಲವೂ ಒಂದಿಷ್ಟು ಚಿನ್ನ ಪುಡಿಯಾಗಿ ಹೋಗುತ್ತದೆ. ಮುಲಾಮಿನ ಗಡಿಯಾರಕ್ಕಂತೂ ಪಾಲಿಶ್ ಎಂದರೆ ಆಯುಷ್ಯ ಕಳೆಯುವ ಮದ್ದು. ಮೆತ್ತನೆಯ ಬ್ರಷ್ಷು, ಉಗುರುಬೆಚ್ಚಗಿನ ನೀರು, ಒಂದು ಚೂರು ಸೋಪು; ಕವಚದೊಳಕ್ಕೆ ನೀರು ಹೋಗದ ಗಡಿಯಾರಕ್ಕೆ ಇಷ್ಟು ಉಪಚಾರ ಸಾಕು. ಗೀರುಗಳನ್ನು ಸಹಿಸಿಕೊಳ್ಳಲಾರದವರು ಈ ಗಡಿಯಾರದ ತಂಟೆಗೆ ಹೋಗದಿರುವುದು ಲೇಸು. ದಿನವೂ ಬಳಸುವ ಪಾತ್ರೆಯಲ್ಲಿ ನೆಗ್ಗು ಕಂಡು ಗೊಣಗುವ ಸೊಸೆಗೂ, ನೆಗ್ಗನ್ನು ನೋಡಿ ಆ ಪಾತ್ರೆ ಯಾವ ಮದುವೆಯಲ್ಲಿ ಬಂದದ್ದೆಂದು ಹೇಳಬಲ್ಲ ಅತ್ತೆಗೂ ಇರುವ ಅಂತರ ಇಲ್ಲಿಯೂ ಇದೆ.

ಶೋಕಿಯ ಚಕ್ರವೂ ಒಂದು ಸುತ್ತು ತಿರುಗಿ ಬಂದಿದೆ. 1980ರ ದಶಕದಲ್ಲಿ ಮೆರೆದ ಈ ಗಡಿಯಾರ ಮುಂದಿನ ಎರಡು ದಶಕಗಳಲ್ಲಿ ಹಳೆಯ ಕಾಲದ್ದೆಂದು, ತಾತನ ಕೈಯ ಸೊತ್ತೆಂದು ಮೂಲೆಗೆ ಸರಿಯಿತು. ಬರಿಯ ಉಕ್ಕಿನ ದೊಡ್ಡ ದೊಡ್ಡ ಗಡಿಯಾರಗಳು ಯುವಕರ ಕೈಯೇರಿದವು. ಈಗ ಮತ್ತೆ ಅದಕ್ಕೆ ದೆಸೆ ತಿರುಗಿದೆ. 2017ರಲ್ಲಿ ಟ್ಯೂಡರ್ ಸಂಸ್ಥೆ ತನ್ನ ಮುಳುಗುಗಾರರ ಮಾದರಿಯ ಗಡಿಯಾರವನ್ನು ಉಕ್ಕು-ಚಿನ್ನಗಳಲ್ಲಿ ಹೊರತಂದಿತು. 2019ರಲ್ಲಿ ರೋಲೆಕ್ಸ್ ಆಳಸಮುದ್ರಕ್ಕಾಗಿ ರೂಪಿಸಿದ ತನ್ನ ಗಡಿಯಾರಕ್ಕೂ ಚಿನ್ನದ ನಡುಸಾಲು ತೊಡಿಸಿತು. ಸಮುದ್ರದ ತಳದಲ್ಲಿ ಯಾರ ಕಣ್ಣಿಗಾಗಿ ಆ ಚಿನ್ನ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು.

ಏಕೆಂದರೆ ಇಂದು ಹೊತ್ತು ತಿಳಿಯಲು ಯಾರಿಗೂ ಕೈಗಡಿಯಾರ ಬೇಕಾಗಿಲ್ಲ. ಜೇಬಿನ ದೂರವಾಣಿ ಅದನ್ನು ಇನ್ನೂ ಕರಾರುವಾಕ್ಕಾಗಿ ಹೇಳುತ್ತದೆ. ಆದರೂ ಜನ ಗಡಿಯಾರ ಕಟ್ಟುತ್ತಾರೆ. ಉಪಯೋಗದ ನೆವ ಕಳಚಿಬಿದ್ದ ಮೇಲೆ ಉಳಿಯುವುದು ಅದನ್ನು ಹೊಂದಿರುವ ಸಂತೋಷ ಮಾತ್ರ. ಆ ಸಂತೋಷದಲ್ಲಿ ನೆರೆಹೊರೆಯವರಿಗೆ ತೋರಿಸುವ ಚಪಲ ಒಂದಿಷ್ಟು ಇದ್ದೇ ಇದೆ. ಇಲ್ಲವೆಂದು ನಾನು ವಾದಿಸಲಾರೆ. ಆದರೆ ದಿನದ ಬಹುಪಾಲು ಹೊತ್ತು ನಮ್ಮ ಮಣಿಕಟ್ಟನ್ನು ನೋಡುವವರು ನಾವೇ. ಬಸ್ಸಿನ ಕಂಬಿ ಹಿಡಿದಾಗ, ಕಡತದ ಹಾಳೆ ಮಗುಚಿದಾಗ, ಆಸ್ಪತ್ರೆಯ ಬೆಂಚಿನ ಮೇಲೆ ಕೈಕಟ್ಟಿ ಕುಳಿತಾಗ ಅಂಗಿಯ ತೋಳಿನಿಂದ ಇಣುಕುವ ಆ ಹಳದಿ ಗೆರೆ ಬೇರೆಯವರ ಕಣ್ಣಿಗೆ ಬೀಳುವುದೇ ಇಲ್ಲ. ಅದು ನಮಗಾಗಿ ಹೊಳೆಯುತ್ತದೆ. ಹಬ್ಬಕ್ಕೆಂದು ಎತ್ತಿಟ್ಟ ಚಿನ್ನಕ್ಕೂ ಇದಕ್ಕೂ ಇರುವ ಭೇದ ಇಷ್ಟೇ: ಪೆಟ್ಟಿಗೆಯ ಚಿನ್ನ ನಾಳೆಯ ಭಯದ್ದು, ಕೈಯ ಚಿನ್ನ ಇಂದಿನ ದಿನದ್ದು. ಮತ್ತು ಅದು ಇಂದಿನ ದಿನದ್ದಾಗಿ ಉಳಿಯಬೇಕಾದರೆ ಎರಡು ಬದಿಗಳಲ್ಲೂ ಉಕ್ಕು ಕಾವಲು ನಿಲ್ಲಬೇಕು. ಇಡಿಯ ಚಿನ್ನದ ಗಡಿಯಾರವನ್ನು ಕಟ್ಟಿಕೊಂಡು ಸಂತೆಗೆ ಹೋಗುವ ಧೈರ್ಯ ಯಾರಿಗಿದೆ? ಅದು ಪುನಃ ಪೆಟ್ಟಿಗೆಗೇ ಸೇರುತ್ತದೆ. ಉಕ್ಕಿನ ಜೊತೆಗೂಡಿದ್ದರಿಂದಲೇ ಚಿನ್ನಕ್ಕೆ ಸಂತೆ, ಕಚೇರಿ, ಗದ್ದೆಯ ಬದು ಎಲ್ಲವನ್ನೂ ನೋಡುವ ಭಾಗ್ಯ ಬಂದಿತು. ಚಿನ್ನದ ಜೊತೆಗೂಡಿದ್ದರಿಂದಲೇ ಉಕ್ಕಿಗೆ ಮದುವೆಯ ಚಪ್ಪರದಲ್ಲಿ ಪಂಕ್ತಿ ದೊರೆಯಿತು.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಎಂಬ ಗಾದೆಯನ್ನು ನಾವು ಯಾವ ಕಡೆಗೂ ನಿಲ್ಲದ ಮಾತಿಗೆ, ಜಾರಿಕೊಳ್ಳುವ ಮನುಷ್ಯನಿಗೆ ಅನ್ವಯಿಸುತ್ತೇವೆ. ಆದರೆ ಆ ದೀಪವನ್ನು ಮೊಟ್ಟಮೊದಲು ಗೋಡೆಯ ಮೇಲೆ ಇಟ್ಟವರು ಯಾರಿದ್ದಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಎರಡು ಕೋಣೆಗಳ ಮನೆ. ಇದ್ದ ದೀಪ ಒಂದು, ಎಣ್ಣೆ ಇನ್ನೂ ಕಡಿಮೆ. ಆಚೆ ಕೋಣೆಯಲ್ಲಿ ಓದುವ ಮಗು, ಈಚೆ ಕೋಣೆಯಲ್ಲಿ ಬೇಯುವ ಅನ್ನ. ಆ ತಾಯಿ ಗೋಡೆಯನ್ನು ಬಿಟ್ಟು ದೀಪವನ್ನು ಇನ್ನೆಲ್ಲಿ ಇಟ್ಟಾಳು?